ಬ್ಲೋವರ್ ನಿಂತರೆ ಐದೇ ನಿಮಿಷ: ಕೊಳಚೆ ನೀರಿಗೆ ಎಷ್ಟು ಉಸಿರು ಬೇಕು?

ಈ ಸಂಚಿಕೆಯ ವಿಷಯ ಹೇಳಿದರೆ ಕೆಲವರು ಮೂಗು ಮುಚ್ಚಿಕೊಳ್ಳಬಹುದು. ಊಟ ಮಾಡುತ್ತಾ ಕೇಳುತ್ತಿದ್ದರೆ ಊಟ ಮುಗಿಸಿಯೇ ಬನ್ನಿ, ನಾವು ಇಲ್ಲೇ ಇರ್ತೀವಿ.

ದುಬೈನಲ್ಲಿರುವ ಕೇಳುಗರೊಬ್ಬರು ಪ್ರಶ್ನೆ ಕಳಿಸಿದ್ದಾರೆ. ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟ್ ಒಂದರಲ್ಲಿ ಅವರದೊಂದು ಫ್ಲಾಟ್ ಇದೆ. ಅಲ್ಲಿನ ಅಸೋಸಿಯೇಷನ್ ವಾಟ್ಸಾಪ್ ಗುಂಪಿನಲ್ಲಿ ಜಗಳ. ನೆಲಮಾಳಿಗೆಯ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ, ಬಹಳ ಕರೆಂಟ್ ತಿನ್ನುತ್ತಿದೆ. ಗಾಳಿ ಊದುವ ಬ್ಲೋವರ್‌ಗಳನ್ನು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಆಫ್ ಮಾಡಿದರೆ ಬಿಲ್ಲೂ ಉಳಿಯುತ್ತೆ, ಸದ್ದೂ ನಿಲ್ಲುತ್ತೆ ಅನ್ನುವುದು ಒಂದು ಗುಂಪಿನ ವಾದ. "ರಾತ್ರಿ ಯಾರೂ ಸ್ನಾನ ಮಾಡಲ್ಲ, ಬಟ್ಟೆ ಒಗೆಯಲ್ಲ, ಮತ್ತೆ ಗಾಳಿ ಯಾಕೆ?" ಅಂತ ಅವರ ಪ್ರಶ್ನೆ. ಇದಕ್ಕೆ ವಿಜ್ಞಾನ ಏನು ಹೇಳುತ್ತದೆ ಅಂತ ನಮ್ಮ ಕೇಳುಗರು ಕೇಳಿದ್ದಾರೆ.

ಒಳ್ಳೆಯ ಪ್ರಶ್ನೆ. ಅದಕ್ಕಿಂತ ಒಳ್ಳೆಯ ಸುದ್ದಿ ಏನೆಂದರೆ, ಇದಕ್ಕೆ ಅಭಿಪ್ರಾಯ ಬೇಕಿಲ್ಲ, ಲೆಕ್ಕ ಸಾಕು. ಕೂಡು, ಕಳೆ, ಗುಣಿಸು, ಭಾಗಿಸು ಗೊತ್ತಿದ್ದರೆ ಮಾಡಬಹುದಾದ ಲೆಕ್ಕ. ಇವತ್ತು ಅದನ್ನು ಒಟ್ಟಿಗೆ ಮಾಡೋಣ. ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆರೆದಿಟ್ಟುಕೊಳ್ಳಿ.

ಕೆಸರೇ ಹೆಪ್ಪು

ಮೊದಲು, ಗಾಳಿ ಯಾಕೆ ಊದುತ್ತಾರೆ? ಕೊಳಚೆ ನೀರನ್ನು ಶುದ್ಧ ಮಾಡುವುದು ಯಂತ್ರವಲ್ಲ, ಜೀವಿಗಳು. ತೊಟ್ಟಿಯಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾ, ಅವುಗಳನ್ನು ತಿನ್ನುವ ಪ್ರೋಟೋಜೋವಾ, ಎಲ್ಲವೂ ಕಂದು ಬಣ್ಣದ ಸಣ್ಣ ಮುದ್ದೆಗಳಾಗಿ ತೇಲುತ್ತಿರುತ್ತವೆ. ನಮ್ಮ ಮನೆಯ ಸಿಂಕು, ಬಚ್ಚಲು, ಕಕ್ಕಸಿನಿಂದ ಬರುವ ಕೊಳೆ ಅವುಗಳಿಗೆ ಊಟ. ನಮ್ಮ ಹಾಗೆಯೇ ಅವೂ ಊಟ ಮಾಡಿ ಉಸಿರಾಡುತ್ತವೆ. ಉಸಿರಾಡಲು ಆಮ್ಲಜನಕ ಬೇಕು. ಸೂಕ್ಷ್ಮಜೀವಿಗಳ ಜೊತೆಯೇ ದಿನ ಕಳೆಯುವ ನಮಗೆ ಎಸ್‌ಟಿಪಿ ಅಂದರೆ ಒಂದು ದೊಡ್ಡ ದನದ ಕೊಟ್ಟಿಗೆ ಇದ್ದ ಹಾಗೆ. ಒಳಗೆ ಜೀವಗಳಿವೆ, ಹೊತ್ತುಹೊತ್ತಿಗೆ ನೋಡಿಕೊಳ್ಳಬೇಕು.

ಈ ವಿಧಾನ ಹುಟ್ಟಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ, 1914ರಲ್ಲಿ. ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬ ಇಬ್ಬರು ಕೊಳಚೆ ನೀರಿಗೆ ಗಾಳಿ ಊದಿ ನೋಡುತ್ತಿದ್ದರು. ಮೊದಲ ಸಲ ನೀರು ಪೂರ್ತಿ ಶುದ್ಧವಾಗಲು ಸುಮಾರು ಐದು ವಾರ ಹಿಡಿಯಿತು. ಅದು ಯಾವ ಊರಿಗೂ ಉಪಯೋಗವಿಲ್ಲ. ಆದರೆ ಅವರು ತಳದಲ್ಲಿ ಕೂತ ಕೆಸರನ್ನು ಚೆಲ್ಲಲಿಲ್ಲ. ಮೇಲಿನ ತಿಳಿ ನೀರನ್ನು ಮಾತ್ರ ತೆಗೆದು, ಅದೇ ಕೆಸರಿನ ಮೇಲೆ ಹೊಸ ಕೊಳಚೆ ನೀರು ಸುರಿದರು. ಪ್ರತಿ ಸಲವೂ ಸಮಯ ಕಡಿಮೆಯಾಗುತ್ತಾ ಬಂತು. ಕೊನೆಗೆ ಒಂದು ದಿನದೊಳಗೆ ಕೆಲಸ ಮುಗಿಯತೊಡಗಿತು.

ಮೊಸರು ಮಾಡುವ ಮನೆಯಲ್ಲಿ ಬೆಳೆದವರಿಗೆ ಇದು ಹೊಸದೇನಲ್ಲ. ನಿನ್ನೆಯ ಮೊಸರಿನ ಒಂದು ಚಮಚ ಇವತ್ತಿನ ಹಾಲಿಗೆ ಹೆಪ್ಪು. ಆರ್ಡರ್ನ್ ಮತ್ತು ಲಾಕೆಟ್ ಕೊಳಚೆ ನೀರಿಗೆ ಹೆಪ್ಪು ಹಾಕಿದರು, ಅಷ್ಟೇ. ಅದಕ್ಕೆ ಅವರಿಟ್ಟ ಹೆಸರು ಆಕ್ಟಿವೇಟೆಡ್ ಸ್ಲಡ್ಜ್.

ಇಲ್ಲೊಂದು ಬೆಂಗಳೂರಿನ ನಂಟೂ ಇದೆ. ಇವರಿಬ್ಬರನ್ನು ಈ ದಾರಿಗೆ ಹಚ್ಚಿದವರು ಗಿಲ್ಬರ್ಟ್ ಫೌಲರ್. 1912ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಗಾಳಿ ಊದುವ ಪ್ರಯೋಗ ನೋಡಿ ಬಂದು, ಮ್ಯಾಂಚೆಸ್ಟರ್‌ನಲ್ಲಿ ಅದನ್ನು ಮುಂದುವರಿಸುವಂತೆ ಹೇಳಿದವರು. ಅದೇ ಫೌಲರ್ 1916ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಮುಂದೆ 1921ರಲ್ಲಿ ಅಲ್ಲಿ ಶುರುವಾದ ಜೀವರಸಾಯನ ವಿಭಾಗದ ಮೊದಲ ಮುಖ್ಯಸ್ಥರಾದರು. ಇವತ್ತು ಬೆಂಗಳೂರಿನ ಅಪಾರ್ಟ್‌ಮೆಂಟ್ ನೆಲಮಾಳಿಗೆಗಳಲ್ಲಿ ಗುಯ್ಗುಡುತ್ತಿರುವ ತಂತ್ರಜ್ಞಾನದ ಹಿಂದಿನ ತಲೆ, ನೂರು ವರ್ಷದ ಹಿಂದೆಯೇ ಆ ಊರಿಗೆ ಬಂದು ನೆಲೆಸಿತ್ತು.

ಮೊದಲ ಲೆಕ್ಕ: ಕೊಳೆ ತಿನ್ನಲು ಎಷ್ಟು ಆಮ್ಲಜನಕ?

ಈಗ ಲೆಕ್ಕಕ್ಕೆ ಬರೋಣ. 200 ಮನೆಗಳ ಒಂದು ಅಪಾರ್ಟ್‌ಮೆಂಟ್ ಇಟ್ಟುಕೊಳ್ಳಿ. ಮನೆಗೆ ನಾಲ್ಕು ಜನ, ಒಟ್ಟು 800 ಜನ. ಒಬ್ಬರಿಂದ ದಿನಕ್ಕೆ 125 ಲೀಟರ್ ಕೊಳಚೆ ನೀರು. ಒಟ್ಟು 1 ಲಕ್ಷ ಲೀಟರ್, ಅಂದರೆ 100 ಘನ ಮೀಟರ್. ಬೆಂಗಳೂರಿನಲ್ಲಿ ಇಷ್ಟು ಗಾತ್ರದ ಘಟಕಗಳು ಬಹಳ.

ನೀರು ಎಷ್ಟು ಕೊಳೆಯಾಗಿದೆ ಎಂದು ಅಳೆಯುವ ಸಾಮಾನ್ಯ ಮಾನದಂಡ ಬಿಓಡಿ. ಲ್ಯಾಬ್ ವರದಿಯಲ್ಲಿ ನೋಡಿರುತ್ತೀರಿ. ಕೊಳಚೆ ನೀರಿನ ಮಾದರಿಯನ್ನು ಶುದ್ಧ ನೀರಿನಲ್ಲಿ ಬೆರೆಸಿ, ಮುಚ್ಚಿದ ಬಾಟಲಿಯಲ್ಲಿ, ಕತ್ತಲಲ್ಲಿ, 20 ಡಿಗ್ರಿಯಲ್ಲಿ 5 ದಿನ ಇಡುತ್ತಾರೆ. ಒಳಗಿನ ಬ್ಯಾಕ್ಟೀರಿಯಾ ಎಷ್ಟು ಆಮ್ಲಜನಕ ಕುಡಿದವು ಎಂಬುದೇ ಬಿಓಡಿ. ಅಂದರೆ ಇದು ಕೊಳೆಯನ್ನು ತೂಗುವುದಿಲ್ಲ, ಕೊಳೆ ಹುಟ್ಟಿಸುವ ಹಸಿವನ್ನು ತೂಗುತ್ತದೆ.

ನಮ್ಮ ಅಪಾರ್ಟ್‌ಮೆಂಟಿನ ಕೊಳಚೆ ನೀರಿನ ಬಿಓಡಿ ಲೀಟರಿಗೆ 250 ಮಿಲಿಗ್ರಾಂ ಇರಲಿ. ಶುದ್ಧವಾಗಿ ಹೊರಬರುವಾಗ 10 ಉಳಿಯಲಿ. ತೆಗೆಯಬೇಕಾದ್ದು 240. ಘನ ಮೀಟರಿಗೆ 240 ಗ್ರಾಂ, 100 ಘನ ಮೀಟರಿಗೆ ದಿನಕ್ಕೆ 24 ಕೆಜಿ.

ಹಾಗಾದರೆ 24 ಕೆಜಿ ಆಮ್ಲಜನಕ ಸಾಕಾ? ತಾಳಿ. 5 ದಿನದಲ್ಲಿ ಬ್ಯಾಕ್ಟೀರಿಯಾ ಪೂರ್ತಿ ಊಟ ಮುಗಿಸಿರುವುದಿಲ್ಲ, ನೂರಕ್ಕೆ ಸುಮಾರು 68 ಭಾಗ ಮಾತ್ರ ತಿಂದಿರುತ್ತವೆ. ಪೂರ್ತಿ ಹಸಿವು ಬೇಕೆಂದರೆ 24ನ್ನು 0.68ರಿಂದ ಭಾಗಿಸಬೇಕು. ಸುಮಾರು 35 ಕೆಜಿ.

ಆದರೆ ತಿಂದದ್ದೆಲ್ಲ ಉಸಿರಾಗಿ ಹೋಗುವುದಿಲ್ಲ. ಒಂದಷ್ಟು ಮೈಯಾಗುತ್ತದೆ. ಬ್ಯಾಕ್ಟೀರಿಯಾ ಬೆಳೆದು ಹೊಸ ಕೆಸರಾಗುತ್ತದೆ, ಅದನ್ನು ಆಪರೇಟರ್ ಆಗಾಗ ಹೊರತೆಗೆಯುತ್ತಾರೆ. ಹೊರಗೆ ಹೋದ ಒಂದು ಕೆಜಿ ಬ್ಯಾಕ್ಟೀರಿಯಾವನ್ನು ತೊಟ್ಟಿಯೊಳಗೇ ಸುಟ್ಟಿದ್ದರೆ 1.42 ಕೆಜಿ ಆಮ್ಲಜನಕ ಬೇಕಾಗುತ್ತಿತ್ತು. ನಮ್ಮ ಘಟಕದಲ್ಲಿ ದಿನಕ್ಕೆ 8 ಕೆಜಿ ಹೊಸ ಬ್ಯಾಕ್ಟೀರಿಯಾ ಹೊರಹೋಗುತ್ತದೆ ಎಂದರೆ, 11 ಕೆಜಿ ಆಮ್ಲಜನಕ ಉಳಿತಾಯ. 35ರಲ್ಲಿ 11 ಕಳೆದರೆ 24 ಕೆಜಿ.

ಸುತ್ತಿ ಬಳಸಿ ಅದೇ 24ಕ್ಕೆ ಬಂದೆವಲ್ಲ ಅಂತ ನಗಬೇಡಿ. ಈ ಘಟಕದಲ್ಲಿ ಹಾಗೆ ಸರಿಹೊಂದಿತು. ಕೆಸರನ್ನು ಹೊರತೆಗೆಯದೆ ಬಹಳ ದಿನ ಒಳಗೇ ಇಟ್ಟರೆ ಬ್ಯಾಕ್ಟೀರಿಯಾ ಒಂದನ್ನೊಂದು ತಿನ್ನುತ್ತವೆ, ತಮ್ಮನ್ನೇ ಕರಗಿಸಿಕೊಳ್ಳುತ್ತವೆ, ಆಗ ಆಮ್ಲಜನಕ ಇನ್ನೂ ಹೆಚ್ಚು ಬೇಕು. "ನಮ್ಮ ಎಸ್‌ಟಿಪಿಯಲ್ಲಿ ಸ್ಲಡ್ಜೇ ಬರಲ್ಲ" ಎಂದು ಯಾರಾದರೂ ಹೆಮ್ಮೆಪಟ್ಟರೆ, ಆ ಸ್ಲಡ್ಜ್ ಕರೆಂಟ್ ಬಿಲ್ಲಿನಲ್ಲಿ ಬರುತ್ತಿದೆ ಎಂದು ತಿಳಿಯಿರಿ.

ಎರಡನೇ ಲೆಕ್ಕ: ಬಾಟಲಿ ಹೇಳದ ಅರ್ಧ

ಇಲ್ಲಿಗೆ ನಿಲ್ಲಿಸಿದರೆ ಲೆಕ್ಕ ಅರ್ಧಕ್ಕೇ ನಿಂತಂತೆ. ಯಾಕೆಂದರೆ ಕೊಳಚೆ ನೀರಿನಲ್ಲಿ ಇನ್ನೊಂದು ದೊಡ್ಡ ಬಾಬ್ತು ಇದೆ: ಅಮೋನಿಯಾ. ಮೂತ್ರದ ಯೂರಿಯಾ, ಆಹಾರದ ಪ್ರೋಟೀನ್, ಎಲ್ಲವೂ ಪೈಪಿನಲ್ಲಿ ಬರುತ್ತಾ ಬರುತ್ತಾ ಅಮೋನಿಯಾ ಆಗುತ್ತವೆ. ಅದು ಹಾಗೇ ಕೆರೆಗೆ ಹೋದರೆ ಮೀನಿಗೆ ವಿಷ. ಹಾಗಾಗಿ ಅದನ್ನು ನೈಟ್ರೇಟ್ ಮಾಡಬೇಕು.

ಈ ಕೆಲಸ ಮಾಡುವವರು ಬೇರೆ. ನೈಟ್ರೊಸೊಮೊನಾಸ್‌ನಂಥ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೊಸ್ಪೈರಾದಂಥವು ಅದನ್ನು ನೈಟ್ರೇಟ್ ಮಾಡುತ್ತವೆ. ಸಕ್ಕರೆ, ಎಣ್ಣೆ, ಹಿಟ್ಟು ಯಾವುದೂ ಇವುಗಳಿಗೆ ಬೇಡ. ಅಮೋನಿಯಾವನ್ನು ಉರಿಸಿ ಬಂದ ಶಕ್ತಿಯಲ್ಲಿ, ಗಿಡಗಳ ಹಾಗೆ ಇಂಗಾಲದ ಡೈಆಕ್ಸೈಡಿನಿಂದ ಮೈ ಕಟ್ಟಿಕೊಳ್ಳುತ್ತವೆ. ಇಂಥ ಜೀವನವೂ ಇರಬಹುದು ಎಂದು ಸೆರ್ಗೈ ವಿನೊಗ್ರಾಡ್ಸ್ಕಿ 1890ರ ಸುಮಾರಿಗೆ ತೋರಿಸಿಕೊಟ್ಟಾಗ ಜೀವವಿಜ್ಞಾನಕ್ಕೆ ಅದೊಂದು ಹೊಸ ಬಾಗಿಲೇ ತೆರೆದ ಹಾಗಾಗಿತ್ತು.

ಬಡವರ ಸಂಸಾರ ಇವುಗಳದ್ದು. ಸಿಗುವ ಶಕ್ತಿ ತೀರಾ ಕಡಿಮೆ, ಹಾಗಾಗಿ ಬೆಳವಣಿಗೆಯೂ ನಿಧಾನ. ಲ್ಯಾಬಿನಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ 20 ನಿಮಿಷದಲ್ಲಿ ಎರಡಾಗಬಲ್ಲದು. ಇವು ಎರಡಾಗಲು ಒಳ್ಳೆಯ ಸ್ಥಿತಿಯಲ್ಲೂ ಸುಮಾರು ಒಂದು ದಿನ ಬೇಕು. ಆಮ್ಲಜನಕ ಕಡಿಮೆಯಾದರೆ ಮೊದಲು ಕೈಚೆಲ್ಲುವವೂ ಇವೇ.

ಆಮ್ಲಜನಕ ಎಷ್ಟು ಬೇಕು? ರಸಾಯನಶಾಸ್ತ್ರ ಸರಳ. ಒಂದು ಅಮೋನಿಯಾ ನೈಟ್ರೇಟ್ ಆಗಲು ಎರಡು ಆಮ್ಲಜನಕದ ಅಣು ಬೇಕು. ಸಾರಜನಕದ ತೂಕ 14, ಎರಡು ಆಮ್ಲಜನಕದ ಅಣುಗಳ ತೂಕ 64. 64ನ್ನು 14ರಿಂದ ಭಾಗಿಸಿ: 4.57. ಅಂದರೆ ಒಂದು ಕೆಜಿ ಅಮೋನಿಯಾ ಸಾರಜನಕಕ್ಕೆ ನಾಲ್ಕೂವರೆ ಕೆಜಿಗೂ ಹೆಚ್ಚು ಆಮ್ಲಜನಕ. ಈ ಸಂಚಿಕೆಯಲ್ಲಿ ಒಂದೇ ಒಂದು ಸಂಖ್ಯೆ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ನಮ್ಮ ನೀರಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ಸಾರಜನಕ ಇದೆ ಎನ್ನೋಣ. ದಿನಕ್ಕೆ 5 ಕೆಜಿ. ಅದರಲ್ಲಿ ಸುಮಾರು 1 ಕೆಜಿ ಹೊಸ ಬ್ಯಾಕ್ಟೀರಿಯಾಗಳ ಮೈಗೆ ಸೇರಿ ಹೋಗುತ್ತದೆ. ಉಳಿದ 4 ಕೆಜಿಯನ್ನು 4.57ರಿಂದ ಗುಣಿಸಿ: 18 ಕೆಜಿ ಆಮ್ಲಜನಕ.

ಬಿಓಡಿಗೆ 24, ಅಮೋನಿಯಾಕ್ಕೆ 18. ಒಟ್ಟು ದಿನಕ್ಕೆ 42 ಕೆಜಿ.

ಗಮನಿಸಿ, ಐದು ದಿನದ ಬಿಓಡಿ ಬಾಟಲಿ ಈ 18 ಕೆಜಿಯನ್ನು ಸಾಮಾನ್ಯವಾಗಿ ತೋರಿಸುವುದೇ ಇಲ್ಲ. ಹಸಿ ಕೊಳಚೆ ನೀರಿನಲ್ಲಿ ಅಮೋನಿಯಾ ತಿನ್ನುವ ಈ ನಿಧಾನಸ್ಥರು ಬಹಳ ಕಡಿಮೆ. ಐದು ದಿನದಲ್ಲಿ ಅವು ಎದ್ದು ಕೂರುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ. ಬಿಓಡಿ ಒಂದನ್ನೇ ನೋಡಿ ಬ್ಲೋವರ್ ಕೊಂಡರೆ, ಬೇಕಾದ ಉಸಿರಿನಲ್ಲಿ ಹತ್ತಿರ ಹತ್ತಿರ ಅರ್ಧ ಲೆಕ್ಕಕ್ಕೇ ಬಂದಿರುವುದಿಲ್ಲ.

ಮೂರನೇ ಲೆಕ್ಕ: ಗುಳ್ಳೆಯಿಂದ ನೀರಿಗೆ

42 ಕೆಜಿ ಆಮ್ಲಜನಕ ಬೇಕು, ಸರಿ. ಆದರೆ ಬ್ಯಾಕ್ಟೀರಿಯಾ ಗುಳ್ಳೆಯನ್ನು ನುಂಗುವುದಿಲ್ಲ, ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಮಾತ್ರ ಬಳಸುತ್ತವೆ. ಆಮ್ಲಜನಕಕ್ಕೋ ನೀರೆಂದರೆ ಅಷ್ಟಕ್ಕಷ್ಟೆ. ಸಮುದ್ರ ಮಟ್ಟದಲ್ಲಿ, 20 ಡಿಗ್ರಿಯ ಶುದ್ಧ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ 9.09 ಮಿಲಿಗ್ರಾಂ ಕರಗುತ್ತದೆ.

ಡಿಫ್ಯೂಸರ್, ಅಂದರೆ ತೊಟ್ಟಿಯ ತಳದಲ್ಲಿ ಸಣ್ಣ ಗುಳ್ಳೆ ಬಿಡುವ ರಬ್ಬರ್ ತಟ್ಟೆ ಅಥವಾ ಕೊಳವೆ, ಮಾರುವ ಕಂಪನಿಗಳು ತಮ್ಮ ಸಾಮರ್ಥ್ಯ ಹೇಳುವುದು ಇಂಥ ಆದರ್ಶ ನೀರಿನಲ್ಲಿ: ಶುದ್ಧ ನೀರು, 20 ಡಿಗ್ರಿ, ಸಮುದ್ರ ಮಟ್ಟ, ಆಮ್ಲಜನಕ ಸೊನ್ನೆಯಿಂದ ಶುರು. ಆ ಆದರ್ಶ ನೀರಿನಲ್ಲಿ ಸಾಮರ್ಥ್ಯ 100 ಎಂದು ಇಟ್ಟುಕೊಂಡು, ನಮ್ಮ ನೆಲಮಾಳಿಗೆಗೆ ಇಳಿಯೋಣ.

ಬೆಂಗಳೂರಿನ ಕೊಳಚೆ ನೀರು 25 ಡಿಗ್ರಿ ಇರಲಿ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ: 8.26. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿಗೆ ಹೋಲಿಸಿದರೆ ಗಾಳಿಯ ಒತ್ತಡ ಶೇಕಡಾ 10ರಷ್ಟು ಕಡಿಮೆ. 8.26 ಈಗ 7.4 ಆಯಿತು. ಕೊಳಚೆಯಲ್ಲಿ ಕರಗಿದ ಉಪ್ಪು ಇನ್ನೂ ಶೇಕಡಾ 5 ಕಡಿಮೆ ಮಾಡುತ್ತದೆ: 7ರ ಆಸುಪಾಸು. ಬ್ಯಾಕ್ಟೀರಿಯಾ ಆರಾಮಾಗಿ ಇರಬೇಕೆಂದರೆ ನೀರಿನಲ್ಲಿ ಸದಾ 2 ಮಿಲಿಗ್ರಾಂ ಉಳಿದಿರಬೇಕು. ಆಮ್ಲಜನಕ ಗುಳ್ಳೆಯಿಂದ ನೀರಿಗೆ ಇಳಿಯುವುದು ಈ ವ್ಯತ್ಯಾಸದ ಬಲದಿಂದ: 7ರಲ್ಲಿ 2 ಹೋಗಿ 5. ಆದರ್ಶ ನೀರಿನಲ್ಲಿ ಈ ಬಲ 9.09 ಇತ್ತು. 100 ಇದ್ದದ್ದು 56ಕ್ಕೆ ಇಳಿಯಿತು. ಬೆಚ್ಚಗಿನ ನೀರಿನಲ್ಲಿ ಅಣುಗಳು ಚುರುಕು, ಅದರಿಂದ ಸ್ವಲ್ಪ ವಾಪಸ್ ಸಿಗುತ್ತದೆ: 63.

ಕೊನೆಯ ಹೊಡೆತ ಸೋಪಿನದ್ದು. ನಮ್ಮ ಡಿಟರ್ಜೆಂಟು, ಶಾಂಪೂ, ಪಾತ್ರೆ ತೊಳೆಯುವ ದ್ರವ ಎಲ್ಲವೂ ಗುಳ್ಳೆಯ ಮೈಗೆ ಅಂಟಿಕೊಂಡು ತೆಳುವಾದ ಪರದೆ ಕಟ್ಟುತ್ತವೆ. ಆಮ್ಲಜನಕ ಆ ಪರದೆ ದಾಟಬೇಕು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಬಂದದ್ದನ್ನು ಎಲ್ಲರೂ ನೋಡಿದ್ದೇವೆ. ಅದೇ ಬಗೆಯ ರಾಸಾಯನಿಕ, ಯಾರಿಗೂ ಕಾಣದ ಹಾಗೆ, ತೊಟ್ಟಿಯೊಳಗಿನ ಪ್ರತಿ ಗುಳ್ಳೆಯ ಮೇಲೂ ಕೂತಿರುತ್ತದೆ. ಎಂಜಿನಿಯರುಗಳು ಇದಕ್ಕೆ ಆಲ್ಫಾ ಅನ್ನುತ್ತಾರೆ. ಸಣ್ಣ ಗುಳ್ಳೆಯ ಡಿಫ್ಯೂಸರ್‌ಗೆ 0.6 ಎಂದು ಹಿಡಿಯೋಣ. 63 ಈಗ 38.

ಅಂದರೆ ಕ್ಯಾಟಲಾಗ್ ಹೇಳಿದ 100ರಲ್ಲಿ ನಮ್ಮ ತೊಟ್ಟಿಗೆ ಸಿಗುವುದು 38. ನಮಗೆ 42 ಕೆಜಿ ಬೇಕಾದರೆ, ಕ್ಯಾಟಲಾಗ್ ಲೆಕ್ಕದಲ್ಲಿ ಸುಮಾರು 112 ಕೆಜಿ ಕೊಡುವ ವ್ಯವಸ್ಥೆ ಕೊಳ್ಳಬೇಕು. ಈ ಒಂದು ಹೆಜ್ಜೆ ಬಿಟ್ಟುಬಿಟ್ಟ ಘಟಕ ಹುಟ್ಟುತ್ತಲೇ ಉಬ್ಬಸದ ರೋಗಿ.

ಗಲ್ಫಿನ ಕೇಳುಗರು ತಮ್ಮೂರಿನ 30 ಡಿಗ್ರಿ ದಾಟುವ ನೀರಿಗೆ ಇದೇ ಲೆಕ್ಕ ಮಾಡಿ ನೋಡಿ, ಅಲ್ಲಿ 7.56ರಿಂದಲೇ ಶುರು. ನಾವಿರುವ ಜರ್ಮನಿಯ ಚಳಿಗಾಲದಲ್ಲಿ ನೀರು 10 ಡಿಗ್ರಿಯ ಹತ್ತಿರ, 11.29 ಕರಗಬಲ್ಲದು. ಆದರೆ ಆ ಚಳಿಗೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳೇ ಮುದುಡಿ ಕೂರುತ್ತವೆ. ಒಂದು ಕಡೆ ಉಸಿರಿನ ಬರ, ಇನ್ನೊಂದು ಕಡೆ ಉಸಿರಾಡುವವರ ಬರ.

ಗಾಳಿ ಎಷ್ಟು, ಕರೆಂಟ್ ಎಷ್ಟು?

ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 0.28 ಕೆಜಿ ಆಮ್ಲಜನಕ ಇದೆ. 4 ಮೀಟರ್ ಆಳದ ತೊಟ್ಟಿಯಲ್ಲಿ, ಸಣ್ಣ ಗುಳ್ಳೆಗಳು ತಳದಿಂದ ಮೇಲೆ ಬರುವಷ್ಟರಲ್ಲಿ, ಆದರ್ಶ ನೀರಿನಲ್ಲಿ ಅದರ ಶೇಕಡಾ 20 ಕರಗುತ್ತದೆ ಎನ್ನೋಣ. 0.28ರ ಶೇಕಡಾ 20 ಅಂದರೆ 0.056. 112ನ್ನು 0.056ರಿಂದ ಭಾಗಿಸಿದರೆ ದಿನಕ್ಕೆ 2000 ಘನ ಮೀಟರ್ ಗಾಳಿ. ಗಂಟೆಗೆ 83. ಬೆಂಗಳೂರಿನ ಗಾಳಿ ತೆಳು ಆದ್ದರಿಂದ ಗಂಟೆಗೆ 90 ಎನ್ನೋಣ.

ಇದು ದಿನದ ಸರಾಸರಿ. ಬೆಳಗ್ಗೆ 6ರಿಂದ 9ರವರೆಗೆ 200 ಮನೆಯವರೂ ಒಟ್ಟಿಗೆ ಬಚ್ಚಲಿಗೆ ಹೋಗುತ್ತಾರೆ. ಆ ಹೊತ್ತಿಗೆ ಎರಡು ಪಟ್ಟು ಬೇಕು. ಹಾಗಾಗಿ ಬ್ಲೋವರ್ ಗಂಟೆಗೆ 180 ಘನ ಮೀಟರ್ ಊದುವಂಥದ್ದು ಇರಬೇಕು. 4 ಮೀಟರ್ ನೀರಿನ ಭಾರ, ಪೈಪು, ಡಿಫ್ಯೂಸರ್‌ನ ತಡೆ ಎಲ್ಲ ಸೇರಿಸಿ, ಬ್ಲೋವರ್ ಮತ್ತು ಮೋಟರಿನ ನಷ್ಟ ಕೂಡಿಸಿದರೆ, ಸುಮಾರು 4.5 ಕಿಲೋವ್ಯಾಟ್.

ಬಹಳ ಅಪಾರ್ಟ್‌ಮೆಂಟ್‌ಗಳಲ್ಲಿ ಬ್ಲೋವರ್ ಒಂದೇ ವೇಗದಲ್ಲಿ ಓಡುತ್ತದೆ. 24 ಗಂಟೆ ಓಡಿದರೆ 108 ಯೂನಿಟ್. ರಾತ್ರಿ 8 ಗಂಟೆ ಆಫ್ ಮಾಡಿದರೆ 36 ಯೂನಿಟ್ ಉಳಿತಾಯ. ಯೂನಿಟ್‌ಗೆ 7 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ 252, ತಿಂಗಳಿಗೆ 7,560 ರೂಪಾಯಿ. 200 ಮನೆಗೆ ಹಂಚಿದರೆ ಮನೆಗೆ 38 ರೂಪಾಯಿ.

ಅಂದರೆ ವಾಟ್ಸಾಪ್ ಗುಂಪಿನ ಆ ಜಗಳ, ಮನೆಗೆ ತಿಂಗಳಿಗೆ 38 ರೂಪಾಯಿಯ ಜಗಳ. ದರ್ಶಿನಿಯಲ್ಲಿ ಎರಡು ಕಾಫಿ ಬಂದರೆ ಹೆಚ್ಚು.

ಆ ಐದು ನಿಮಿಷ

ಈಗ 38 ರೂಪಾಯಿಗೆ ಕೊಡುವ ಬೆಲೆ ನೋಡೋಣ. ತೊಟ್ಟಿಯ ಗಾತ್ರ 75 ಘನ ಮೀಟರ್. ಕರಗಿದ ಆಮ್ಲಜನಕ ಘನ ಮೀಟರಿಗೆ 2 ಗ್ರಾಂ. ಒಟ್ಟು ದಾಸ್ತಾನು 150 ಗ್ರಾಂ. ಖರ್ಚು ಎಷ್ಟು? ದಿನಕ್ಕೆ 42 ಕೆಜಿ ಅಂದರೆ ಗಂಟೆಗೆ 1.75 ಕೆಜಿ. 150 ಗ್ರಾಂ ಎಷ್ಟು ಹೊತ್ತು ಬಂದೀತು? ಐದು ನಿಮಿಷ.

ಇನ್ನೊಮ್ಮೆ ಹೇಳ್ತೀವಿ: ಐದು ನಿಮಿಷ. ರಾತ್ರಿ ಹೊಸ ಕೊಳೆ ಕಡಿಮೆ ಬರುತ್ತದೆ, ಉಸಿರಾಟ ಅರ್ಧಕ್ಕೆ ಇಳಿಯುತ್ತದೆ ಎಂದೇ ಇಟ್ಟುಕೊಳ್ಳಿ, ಹತ್ತು ನಿಮಿಷ. "ರಾತ್ರಿ ಯಾರೂ ಸ್ನಾನ ಮಾಡಲ್ಲ" ಎನ್ನುವ ವಾದ ಜಾರುವುದು ಇಲ್ಲೇ. ಊಟ ಬರದಿದ್ದರೂ ಉಸಿರಾಟ ನಿಲ್ಲುವುದಿಲ್ಲ. ನಾವು ಉಪವಾಸ ಇದ್ದಾಗ ಮೂಗು ಮುಚ್ಚಿಕೊಂಡಿರುತ್ತೇವೆಯೇ?

ಉಳಿದ ಏಳೂಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತಿನಲ್ಲಿ ಏನಾಗುತ್ತದೆ? ಮೊದಲು ಬ್ಯಾಕ್ಟೀರಿಯಾ ನೈಟ್ರೇಟ್‌ನಿಂದ ಆಮ್ಲಜನಕ ಕಿತ್ತು ಬಳಸುತ್ತವೆ. ಅದು ಕೆಟ್ಟದ್ದಲ್ಲ, ಆ ವಿಷಯಕ್ಕೆ ಆಮೇಲೆ ಬರ್ತೀವಿ. ನೈಟ್ರೇಟ್ ಮುಗಿದ ಮೇಲೆ ಸರದಿ ಸಲ್ಫೇಟಿನದ್ದು. ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳ ಉಸಿರಿನಿಂದ ಬರುವುದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆ ವಾಸನೆಯ ಅನಿಲ. ಗಾಳಿ ನಿಂತದ್ದರಿಂದ ಕೆಸರು ತಳಕ್ಕೆ ಕೂತಿರುತ್ತದೆ, ಡಿಫ್ಯೂಸರ್‌ನ ರಂಧ್ರಗಳ ಮೇಲೆ ಪದರ ಕಟ್ಟುತ್ತದೆ. ಅಮೋನಿಯಾ ತಿನ್ನುವ ನಿಧಾನಸ್ಥರಿಗೆ ದಿನದ ಮೂರನೇ ಒಂದು ಭಾಗ ಕೆಲಸವಿಲ್ಲ. ಅವುಗಳ ಸಂಖ್ಯೆ ದಿನೇ ದಿನೇ ಕಡಿಮೆಯಾಗುತ್ತಾ ಹೋಗುತ್ತದೆ. ಮತ್ತೆ ಕಟ್ಟಿಕೊಳ್ಳಲು ವಾರಗಳೇ ಬೇಕು. ಆಮ್ಲಜನಕ ಕಡಿಮೆ ಇದ್ದಲ್ಲಿ ಹುಲುಸಾಗಿ ಬೆಳೆಯುವ ಎಳೆ ಎಳೆ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಆಗ ಕೆಸರು ಹತ್ತಿಯ ಹಾಗೆ ಉಬ್ಬಿ ಸರಿಯಾಗಿ ತಳ ಸೇರುವುದೇ ಇಲ್ಲ.

ಬೆಳಗ್ಗೆ 6ಕ್ಕೆ ಬ್ಲೋವರ್ ಆನ್ ಆಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ 200 ಮನೆಯ ನೀರು, ರಾತ್ರಿಯಿಡೀ ಉಸಿರುಗಟ್ಟಿ ಮಲಗಿದ್ದ ತೊಟ್ಟಿಗೆ ಸುರಿಯುತ್ತದೆ. ನೀರಿನಲ್ಲಿ ಕರಗಿದ್ದ ಹೈಡ್ರೋಜನ್ ಸಲ್ಫೈಡ್ ಗುಳ್ಳೆಗಳ ಜೊತೆ ಒಮ್ಮೆಲೇ ಮೇಲೇಳುತ್ತದೆ. ಆ ಹೊತ್ತಿನಲ್ಲಿ ನೆಲಮಾಳಿಗೆಯಲ್ಲಿ ಇರುವುದು ಅಸೋಸಿಯೇಷನ್ ಅಧ್ಯಕ್ಷರಲ್ಲ, ಎಸ್‌ಟಿಪಿ ಆಪರೇಟರ್.

ಈ ಅನಿಲದ ಕೆಟ್ಟ ಗುಣ ಇದು: ಸ್ವಲ್ಪ ಇದ್ದಾಗ ನಾರುತ್ತದೆ, ಅಪಾಯದ ಮಟ್ಟ ತಲುಪಿದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು, ಸರಿಹೋಯಿತು ಅಂದುಕೊಂಡವರು ಕುಸಿದು ಬೀಳುತ್ತಾರೆ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಎಸ್‌ಟಿಪಿಗೆ ಇಳಿದು ಕಾರ್ಮಿಕರು ಸತ್ತ ಸುದ್ದಿಗಳನ್ನು ಓದಿದ್ದೇವೆ, ಒಬ್ಬರನ್ನು ಎತ್ತಲು ಇನ್ನೊಬ್ಬರು ಇಳಿದು ಸತ್ತದ್ದನ್ನೂ. ರಕ್ಷಣೆಯಿಲ್ಲದೆ ಮನುಷ್ಯರನ್ನು ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮುಚ್ಚಿದ ತೊಟ್ಟಿ ಗಾಳಿ ಆಡುತ್ತಿದ್ದರೂ ಅಪಾಯವೇ. ಉಸಿರುಗಟ್ಟಿದ ತೊಟ್ಟಿ ಅದಕ್ಕಿಂತ ದೊಡ್ಡ ಅಪಾಯ. ಈ ಮಾತು ಕರೆಂಟ್ ಬಿಲ್ಲಿನ ಚರ್ಚೆಯಲ್ಲಿ ಬರುವುದೇ ಇಲ್ಲ.

ಹಾಗಾದರೆ ಬಿಲ್ ಉಳಿಸಬಾರದಾ?

ಖಂಡಿತ ಉಳಿಸಬೇಕು. ಕೊಳಚೆ ನೀರಿನ ಘಟಕದ ಕರೆಂಟಿನಲ್ಲಿ ಸುಮಾರು ಅರ್ಧ ಗಾಳಿಗೇ ಹೋಗುತ್ತದೆ, ಇಲ್ಲೂ ಅಷ್ಟೆ, ಅಲ್ಲೂ ಅಷ್ಟೆ. ಆದರೆ ಉಳಿತಾಯ ಇರುವುದು ಸ್ವಿಚ್ಚಿನಲ್ಲಲ್ಲ, ಅಳತೆಯಲ್ಲಿ.

ನಮ್ಮ ಬ್ಲೋವರ್ ಗಂಟೆಗೆ 180 ಊದುತ್ತದೆ, ಸರಾಸರಿ ಬೇಕಾದ್ದು 90. ಅಂದರೆ ದಿನದ ಬಹುಪಾಲು ಎರಡು ಪಟ್ಟು ಗಾಳಿ ಸುಮ್ಮನೆ ಹೋಗುತ್ತಿದೆ. ತೊಟ್ಟಿಯಲ್ಲಿ ಕರಗಿದ ಆಮ್ಲಜನಕ ಅಳೆಯುವ ಸೆನ್ಸರ್ ಇಟ್ಟು, ಬ್ಲೋವರ್ ಮೋಟರಿನ ವೇಗ ಬದಲಿಸುವ ವಿಎಫ್‌ಡಿ ಜೋಡಿಸಿ, ಆಮ್ಲಜನಕ 2ರ ಆಸುಪಾಸು ನಿಲ್ಲುವಂತೆ ಮಾಡಿದರೆ, ದಿನಕ್ಕೆ 108 ಯೂನಿಟ್ ಬದಲು ಸುಮಾರು 54 ಸಾಕು. ರಾತ್ರಿ ಪೂರ್ತಿ ಆಫ್ ಮಾಡಿ ಉಳಿಸಿದ್ದು 36. ಅಳೆದು ಊದಿದರೆ ಉಳಿಯುವುದು 54. ಕೆಸರು ತಳ ಹಿಡಿಯದಂತೆ ಕಲಕಲು ಬೇಕಾದಷ್ಟು ಗಾಳಿ ಮಾತ್ರ ಯಾವಾಗಲೂ ಇರಬೇಕು, ಅದಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಸಾಧನಕ್ಕೆ ಹಣ ಬೇಕು, ನಿಜ. ಆದರೆ ಆ ಹಣ ಬಿಲ್ಲಿನಲ್ಲೇ ವಾಪಸ್ ಬರುತ್ತಾ ಹೋಗುತ್ತದೆ, ತೊಟ್ಟಿಯೂ ಜೀವಂತ ಇರುತ್ತದೆ.

ಇನ್ನು ನೈಟ್ರೇಟಿನ ವಿಷಯ. ಗಾಳಿ ನಿಲ್ಲಿಸುವುದೇ ಪಾಪ ಅಂತಲ್ಲ. ಜರ್ಮನಿಯಲ್ಲಿ ಎಷ್ಟೋ ಘಟಕಗಳು ಗಾಳಿಯನ್ನು ಬೇಕೆಂದೇ ಆಗಾಗ ನಿಲ್ಲಿಸುತ್ತವೆ. ಆಗ ಬ್ಯಾಕ್ಟೀರಿಯಾ ನೈಟ್ರೇಟ್‌ನ ಆಮ್ಲಜನಕ ಬಳಸಿ ಕೊಳೆ ತಿನ್ನುತ್ತವೆ, ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಒಂದು ಕೆಜಿ ನೈಟ್ರೇಟ್ ಸಾರಜನಕದಿಂದ 2.86 ಕೆಜಿ ಆಮ್ಲಜನಕ ವಾಪಸ್ ಸಿಗುತ್ತದೆ. ನಮ್ಮ ಘಟಕದಲ್ಲಿ 3 ಕೆಜಿಯಷ್ಟು ಹೀಗೆ ಹೋದರೆ, 42ರಲ್ಲಿ ಸುಮಾರು 8.5 ಕೆಜಿ ಉಳಿತಾಯ, ಐದನೇ ಒಂದು ಭಾಗ. ಆದರೆ ಅಲ್ಲಿ ಮಿಕ್ಸರ್ ತಿರುಗುತ್ತಿರುತ್ತದೆ, ಸೆನ್ಸರ್ ನೋಡುತ್ತಿರುತ್ತದೆ, ನೈಟ್ರೇಟ್ ಮುಗಿಯುವ ಮುಂಚೆ ಗಾಳಿ ಮತ್ತೆ ಬರುತ್ತದೆ. ಅದು ಪ್ರಾಣಾಯಾಮ. ರಾತ್ರಿ 10ಕ್ಕೆ ಸ್ವಿಚ್ ಆಫ್ ಮಾಡಿ ಮಲಗುವುದು ಕತ್ತು ಹಿಸುಕುವುದು. ಎರಡರಲ್ಲೂ ಉಸಿರು ನಿಲ್ಲುತ್ತದೆ ಎಂದ ಮಾತ್ರಕ್ಕೆ ಎರಡೂ ಒಂದೇ ಅಲ್ಲ.

ಮೀಟಿಂಗಿನಲ್ಲಿ ಕೇಳಬೇಕಾದ ನಾಲ್ಕು ಪ್ರಶ್ನೆ

ನೀವು ಎಲ್ಲೇ ಇರಿ, ಆನ್‌ಲೈನ್ ಮೀಟಿಂಗಿಗೆ ಕೂರುತ್ತೀರಲ್ಲ, ಈ ನಾಲ್ಕು ಪ್ರಶ್ನೆ ಕೇಳಿ.

ಒಂದು: ತೊಟ್ಟಿಯಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ, ದಿನಕ್ಕೆ ಎಷ್ಟು ಸಲ ಅಳೆಯುತ್ತಾರೆ? ಅಳೆಯುವುದೇ ಇಲ್ಲ ಎಂದರೆ ಉಳಿದ ಚರ್ಚೆ ಎಲ್ಲ ಊಹೆ.

ಎರಡು: ಹೊರಬರುವ ನೀರಿನ ಲ್ಯಾಬ್ ವರದಿಯಲ್ಲಿ ಬಿಓಡಿ ಅಲ್ಲದೆ ಅಮೋನಿಯಾ ಎಷ್ಟು? ಬಿಓಡಿ ಚೆನ್ನಾಗಿದ್ದು ಅಮೋನಿಯಾ ಹೆಚ್ಚಿದ್ದರೆ, ಆ ಮರೆತುಹೋದ ಅರ್ಧ ಲೆಕ್ಕವೇ ಕಾರಣ ಇರಬಹುದು.

ಮೂರು: ಡಿಫ್ಯೂಸರ್‌ಗಳನ್ನು ಕೊನೆಯ ಸಲ ತೊಳೆದದ್ದು ಅಥವಾ ಬದಲಿಸಿದ್ದು ಯಾವಾಗ? ಒಂದೇ ಕಡೆ ಕುದಿಯುವಂತೆ ದೊಡ್ಡ ಗುಳ್ಳೆ ಬರುತ್ತಿದ್ದರೆ ತಟ್ಟೆ ಹರಿದಿದೆ ಎಂದರ್ಥ. ಬ್ಲೋವರ್ ಪೂರ್ತಿ ಓಡುತ್ತಿರುತ್ತದೆ, ಆಮ್ಲಜನಕ ಮಾತ್ರ ಕರಗುತ್ತಿರುವುದಿಲ್ಲ.

ನಾಲ್ಕು: ಆಪರೇಟರ್ ಕೆಲಸ ಮಾಡುವ ಕೋಣೆಯಲ್ಲಿ ಗಾಳಿಯಾಡುವ ವ್ಯವಸ್ಥೆ, ಅನಿಲ ಪತ್ತೆ ಮಾಡುವ ಸಾಧನ ಇದೆಯೇ? ತೊಟ್ಟಿಯೊಳಗೆ ಯಾರನ್ನೂ ಇಳಿಸುವುದಿಲ್ಲ ಎಂಬ ನಿಯಮ ಇದೆಯೇ?

ಈ ನೀರು ಎಲ್ಲಿಗೆ ಹೋಗುತ್ತದೆ ಎಂಬುದೂ ನೆನಪಿರಲಿ. ಅದೇ ಅಪಾರ್ಟ್‌ಮೆಂಟಿನ ಫ್ಲಶ್‌ಗೆ, ತೋಟಕ್ಕೆ, ಹೆಚ್ಚಾದದ್ದು ಚರಂಡಿಗೆ, ಕೆರೆಗೆ. 2018ರಿಂದ ಬೆಂಗಳೂರಿನ ದೊಡ್ಡ ಘಟಕಗಳಲ್ಲಿ ಶುದ್ಧೀಕರಿಸಿದ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೂ ಹರಿಯುತ್ತಿದೆ. ಒಂದೂರಿನ ಬಚ್ಚಲ ನೀರು ಇನ್ನೊಂದೂರಿನ ಅಂತರ್ಜಲ ಆಗುವ ಕಾಲ ಇದು. ಅಲ್ಲಿಯ ರೈತರು ನಂಬಿರುವುದು, ಇಲ್ಲಿ ಯಾರೋ ಒಬ್ಬರು ರಾತ್ರಿಯೂ ಗಾಳಿ ಊದುತ್ತಿದ್ದಾರೆ ಎಂಬುದನ್ನು.

ನಿಮ್ಮ ಅಪಾರ್ಟ್‌ಮೆಂಟಿನ ಸಂಖ್ಯೆಗಳು ಬೇರೆ ಇರುತ್ತವೆ. ಜನ ಎಷ್ಟು, ಬಿಓಡಿ ಎಷ್ಟು, ಅಮೋನಿಯಾ ಎಷ್ಟು, ತೊಟ್ಟಿ ಎಷ್ಟು ಆಳ ಎಂದು ತಿಳಿದುಕೊಂಡು ಇದೇ ಹೆಜ್ಜೆಗಳಲ್ಲಿ ಲೆಕ್ಕ ಹಾಕಿ, ನಮಗೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹೊರತೆಗೆದ ಆ ಕೆಸರಿನ ಕಥೆ: ಅದು ಗೊಬ್ಬರವೋ, ಕಸವೋ, ಅಡುಗೆ ಅನಿಲವೋ? ಅಲ್ಲಿಯವರೆಗೆ, ನಮಸ್ಕಾರ.